ಪಾಠದ ಷೇಕ್ಸ್‌ಪಿಯರ್, ಬಳ್ಳಾರಿಯ ರಂಗ

ಮಿಷನ್ ವಿದ್ಯಾಲಯಗಳು ನಮಗೆ ಇಂಗ್ಲಿಷನ್ನು ಕೊಟ್ಟವೆನ್ನುವವರು, ಅವು ನಟರನ್ನೂ ರೂಪಿಸಿದವೆಂಬುದನ್ನು ಮರೆಯುತ್ತಾರೆ. ಬ್ರೂಸ್‌ಪೇಟೆಯಲ್ಲಿ ನಡೆಯುವಾಗಲೆಲ್ಲ ನನಗೆ ನೆನಪಾಗುವವರು ಬಳ್ಳಾರಿ ರಾಘವರು (1880–1946). ಸೋದರಮಾವ ಧರ್ಮವರಂ ಕೃಷ್ಣಮಾಚಾರ್ಯರು ಸರಸವಿನೋದಿನೀ ಸಭೆಯನ್ನು ಕಟ್ಟಿದ ಊರಿನಲ್ಲಿ ಬೆಳೆದ ಅವರು ಓದಿದ್ದು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಅದನ್ನು ದೀರ್ಘಕಾಲ ನಡೆಸಿದ ವಿಲಿಯಂ ಮಿಲ್ಲರ್ ಪಾದ್ರಿಗಳಾದರೂ ಷೇಕ್ಸ್‌ಪಿಯರನ ಮೇಲೆ ಗ್ರಂಥಗಳನ್ನೇ ಬರೆದವರು. ಅವರಿಗೆ ಲಿಯರ್, ಮ್ಯಾಕ್‌ಬೆತ್ ಮುಖ್ಯವಾಗಿ ನೀತಿಪಾಠ. ನಟನಿಗೆ ನೀತಿ ಸಾಲದು. ಪಾತ್ರವು ಹಾಗೇಕೆ ನಡೆಯಿತೆಂಬ ಕಾರಣ ಬೇಕು. ಆದರೆ ಆ ಕಾರಣವನ್ನು ಹುಡುಕುವ ಓದು ತರಗತಿಯಲ್ಲಿಯೇ ಮೊದಲಾಗುತ್ತದೆಂದು ನನ್ನ ನಂಬಿಕೆ.

ಅಂದಿನ ರಂಗದಲ್ಲಿ ಹಾಡಿನದೇ ದರ್ಬಾರು. ಸತ್ತ ರಾಜನೂ 'ಒನ್ಸ್ ಮೋರ್' ಕೂಗಿಗೆ ಎದ್ದು ಹಾಡುತ್ತಿದ್ದನಂತೆ! ರಾಘವರು ಮಾತಿಗೆ, ಮೌನಕ್ಕೆ, ಮುಖಭಾವಕ್ಕೆ ಬೆಲೆ ತಂದರು. ಕೋಲಾಚಲಂ ಶ್ರೀನಿವಾಸರಾಯರ ನಾಟಕದಲ್ಲಿ ಅವರ ಪಠಾಣ ಹೆಸರಾಯಿತು. ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂದು ಅವರು ಹಠ ಹಿಡಿದರು. ಮರ್ಯಾದಸ್ಥ ಮನೆತನಗಳು ಹುಬ್ಬುಗಂಟಿಕ್ಕುತ್ತಿದ್ದ ಕಾಲವದು. ಇಂಗ್ಲೆಂಡಿಗೂ ಹೋಗಿಬಂದರು.

ಈಗ ನಮ್ಮ ತರಗತಿಗಳಲ್ಲಿ ನಾಟಕವು ಟಿಪ್ಪಣಿಗಳ ಗಂಟಾಗಿ ಕುಳಿತಿದೆ. ನಾನು ಮಾತ್ರ ವಿದ್ಯಾರ್ಥಿಗಳನ್ನು ಬೆಂಚಿನಿಂದ ಎಬ್ಬಿಸಿ, ಸಂಭಾಷಣೆಯನ್ನು ಗಟ್ಟಿಯಾಗಿ ಆಡಿಸುತ್ತೇನೆ, ಟಿಪ್ಪಣಿ ಆಮೇಲೆ.