ಅಜ್ಜಿಯ ಮೊಳಕೆ ರಾಗಿ, ಪೇಟೆಯ ಬಿಯರ್ ಲೋಟ

ತೋವಿನಕೆರೆ (ಕೊರಟಗೆರೆ ತಾಲ್ಲೂಕು): ಮನೆಯಲ್ಲಿ ಮಗು ಹುಟ್ಟಿ ಐದಾರು ತಿಂಗಳಾಯಿತೆಂದರೆ ನಮ್ಮ ಅಜ್ಜಿ ಮೊದಲು ಹುಡುಕುತ್ತಿದ್ದುದು ಹಳೆಯ ಪಂಚೆಯ ತುಂಡನ್ನು. ಗುಡಾಣದಿಂದ ಎರಡು ಸೇರು ರಾಗಿ ತೆಗೆದು, ಕಲ್ಲು ಆರಿಸಿ, ತೊಳೆದು, ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಆ ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಒಂದೆರಡು ದಿನಗಳಲ್ಲಿ ಗಂಟಿನ ನೂಲುಗಳ ನಡುವಿನಿಂದ ಬಿಳಿಯ ಮೊಳಕೆಗಳು ಇಣುಕುತ್ತಿದ್ದವು. ಬಳಿಕ ನೆರಳಲ್ಲಿ ಆರಿಸಿ, ಹದವಾಗಿ ಹುರಿದು, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಬೀಸುಕಲ್ಲಿನಲ್ಲಿ ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದರೆ ಮಗುವಿನ ‘ರಾಗಿ ಸರಿ’ಗೆ ಹಿಟ್ಟು ಸಿದ್ಧ.

ಕಳೆದ ಬಾರಿ ಊರಿಗೆ ಹೋದಾಗ, ಬೆಂಗಳೂರಿನ ಕೆಲವು ಪಬ್‌ಗಳಲ್ಲಿ ಈಗ ರಾಗಿಯಿಂದಲೂ ಬಿಯರ್ ತಯಾರಿಸುತ್ತಾರೆಂದು ಅಜ್ಜಿಗೆ ಹೇಳಿದೆ. ಹೇಗೆ ಮಾಡುತ್ತಾರೆಂದು ಕೇಳಿದಳು. ಮೊದಲು ರಾಗಿಯನ್ನು ನೆನೆಸಿ ಮೊಳಕೆ ಕಟ್ಟುತ್ತಾರೆ ಎಂದು ವಿವರಿಸತೊಡಗಿದೆ. ಅಷ್ಟಕ್ಕೇ ತಡೆದಳು. “ಅಲ್ಲ ಕಣಪ್ಪ, ಮೊಳ್ಕೆ ಕಟ್ಟೋದು ಮಕ್ಳಿಗೆ. ಅದನ್ನೂ ಕುಡಿಯೋಕ್ ಮಾಡ್ಕಂಡ್ರಾ?”

ಅಜ್ಜಿಯ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಬಿಯರಿನ ವಿಜ್ಞಾನವೂ ನಮ್ಮ ಸೀಮೆಯ ಊಟದ ಕಥೆಯೂ ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣುತ್ತದೆ.

ಬೀಜ ಕಣ್ಣು ಬಿಟ್ಟಾಗ

ಕಾಳೊಂದು ನೆನೆದು ಮೊಳೆಯತೊಡಗಿದಾಗ, ಒಳಗೆ ಕೂಡಿಟ್ಟ ಪಿಷ್ಟವನ್ನು ಸಸಿಯ ಆಹಾರವಾಗಿ ಮಾರ್ಪಡಿಸಲು ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ. ಇವುಗಳಲ್ಲಿ ಮುಖ್ಯವಾದುದು ಅಮೈಲೇಸ್. ಇದು ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿಸುತ್ತದೆ. ಮೊಳಕೆ ಬಂದ ಕಾಳನ್ನು ಸರಿಯಾದ ಹೊತ್ತಿನಲ್ಲಿ ಒಣಗಿಸಿದರೆ ಬೆಳವಣಿಗೆ ನಿಲ್ಲುತ್ತದೆ, ಕಿಣ್ವ ಮಾತ್ರ ಉಳಿದುಕೊಳ್ಳುತ್ತದೆ. ಹೀಗೆ ಒಣಗಿಸಿದ ಮೊಳಕೆ ಕಾಳಿಗೇ ಜಗತ್ತಿನಾದ್ಯಂತ ‘ಮಾಲ್ಟ್’ ಎಂದು ಹೆಸರು. ನಮ್ಮ ಅಂಗಡಿಗಳಲ್ಲಿ ಸಿಗುವ ‘ರಾಗಿ ಮಾಲ್ಟ್’ ಎಂಬ ಹೆಸರಿನ ಮೂಲವೂ ಇದೇ.

ಸಾಮಾನ್ಯ ರಾಗಿ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಎಳೆಯ ಮಗು ಅದನ್ನು ನುಂಗಬೇಕಾದರೆ ತುಂಬಾ ನೀರು ಬೆರೆಸಬೇಕು. ಆಗ ಮಗುವಿನ ಹೊಟ್ಟೆಗೆ ಹೋಗುವುದು ಬಹುಪಾಲು ನೀರೇ. ಮೊಳಕೆ ರಾಗಿಯ ಹಿಟ್ಟಿನಲ್ಲಿರುವ ಅಮೈಲೇಸ್ ಗಂಜಿಯನ್ನು ತೆಳುವಾಗಿಸುವುದರಿಂದ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ರಾಗಿಯನ್ನು ಉಣಿಸಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿ, ಗೋಧಿಗಳಲ್ಲಿ ಇಷ್ಟಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅಧ್ಯಯನ ಮಾಡಿ ಮಕ್ಕಳ ಆಹಾರವಾಗಿ ರೂಪಿಸಿದ್ದೂ ಈ ಮೊಳಕೆ ರಾಗಿಯನ್ನೇ. ಕಿಣ್ವದ ಹೆಸರು ಅಜ್ಜಿಗೆ ಗೊತ್ತಿರಲಿಲ್ಲ. ‘ಹೆಚ್ಚು ಹುರಿದರೆ ಸರಿ ಗಂಟು ಕಟ್ಟುತ್ತೆ’ ಎಂಬುದು ಗೊತ್ತಿತ್ತು. ಅತಿಯಾದ ಬಿಸಿಗೆ ಕಿಣ್ವ ಸಾಯುತ್ತದೆ ಎಂಬ ಪಾಠವೇ ಅದು.

ಅದೇ ಗಂಟು, ಬೇರೆ ದಾರಿ

ಬಿಯರ್ ತಯಾರಿಕೆಯಲ್ಲಿ ಸಾಮಾನ್ಯವಾಗಿ ಮೊಳಕೆ ಕಟ್ಟುವುದು ಬಾರ್ಲಿಯನ್ನು. ಅದನ್ನು ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆಯಷ್ಟು ಕಾಲ ಇಡುತ್ತಾರೆ. ಕಿಣ್ವ ತನ್ನ ಕೆಲಸ ಮುಗಿಸುವ ಹೊತ್ತಿಗೆ ನೀರು ಸಿಹಿಯಾಗಿರುತ್ತದೆ. ಈ ಸಿಹಿ ರಸವನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂಗಳ ಜೊತೆ ಕುದಿಸುತ್ತಾರೆ. ಬಿಯರಿನ ಕಹಿಯೂ ಪರಿಮಳವೂ ಬಹುಮಟ್ಟಿಗೆ ಈ ಹೂಗಳದು. ತಣಿದ ಮೇಲೆ ಯೀಸ್ಟ್ ಬೆರೆಸಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ. ಯೀಸ್ಟ್ ಬೀಳುವ ಈ ಗಳಿಗೆಯಲ್ಲೇ ಮಗುವಿನ ಸರಿಯ ದಾರಿಯೂ ಬಿಯರಿನ ದಾರಿಯೂ ಕವಲೊಡೆಯುತ್ತವೆ.

ರಾಗಿಯೊಂದರಿಂದಲೇ ಬಿಯರ್ ಮಾಡುವುದು ಸುಲಭವಲ್ಲ. ಬಾರ್ಲಿಯ ಹೊಟ್ಟು ಜರಡಿಯಂತೆ ರಸವನ್ನು ಸೋಸಿಕೊಡುತ್ತದೆ. ರಾಗಿ ಸಣ್ಣ ಕಾಳು, ಅಂತಹ ಹೊಟ್ಟಿಲ್ಲ. ಹಿಟ್ಟು ಕೆಸರಾಗಿ ಕಟ್ಟಿಕೊಳ್ಳುತ್ತದೆ. ಅದರ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು. ಆದ್ದರಿಂದ ಬಾರ್ಲಿಯೊಂದಿಗೆ ಒಂದು ಪಾಲು ರಾಗಿ ಬೆರೆಸುವುದು ಅನುಕೂಲ.

ರಾಗಿಯಿಂದ ಪಾನೀಯ ಮಾಡುವುದು ಬೆಂಗಳೂರಿನ ಆವಿಷ್ಕಾರವೇನೂ ಅಲ್ಲ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಉಗಾಂಡದಲ್ಲಿ ರಾಗಿಯ ‘ಮಲ್ವಾ’ವನ್ನು ಒಂದೇ ಮಡಕೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ಸಿಕ್ಕಿಂ, ಡಾರ್ಜಿಲಿಂಗ್ ಮತ್ತು ನೇಪಾಳದ ಬೆಟ್ಟಗಳಲ್ಲಿ ಹುದುಗಿಸಿದ ರಾಗಿಗೆ ಬಿಸಿನೀರು ಹೊಯ್ದು ಬಿದಿರಿನ ಕೊಳವೆಯಲ್ಲಿ ಹೀರುವ ‘ತೊಂಗ್ಬಾ’ ಇದೆ. ನಮ್ಮಲ್ಲಿ ಮಾತ್ರ ರಾಗಿ ಮುದ್ದೆಯಾಯಿತು, ರೊಟ್ಟಿಯಾಯಿತು, ಹುರಿಹಿಟ್ಟಾಯಿತು, ಅಂಬಲಿಯಾಯಿತು. ‘ರಾಗಿ ಬ್ರಹ್ಮ’ ಎಂದೇ ಹೆಸರಾದ ಮಂಡ್ಯದ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ನೆಂಟಸ್ತಿಕೆ ಮರುಕುದುರಿದರೂ ನಮ್ಮ ಅಡುಗೆಮನೆಯ ಪದ್ಧತಿ ಬದಲಾಗಲಿಲ್ಲ.

ಹುಳಿಯೂ ಅಮಲೂ ಬೇರೆ

ಹಾಗೆಂದು ಹುದುಗುವಿಕೆ ನಮಗೆ ಹೊಸದೇ? ಅದೂ ಅಲ್ಲ. ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ ಬೇಯಿಸಿ, ಮಡಕೆಯಲ್ಲಿ ರಾತ್ರಿಯಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿ ಕುಡಿಯುವ ಅಂಬಲಿ ಇಲ್ಲಿನ ಬೇಸಾಯಗಾರರ ಬೇಸಿಗೆಯ ಸಂಗಾತಿ. ಅದರಲ್ಲಿ ದುಡಿಯುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು. ಹಾಲನ್ನು ಮೊಸರು ಮಾಡುವ ಬಳಗದವೇ. ಅವು ಹುಳಿ ತರುತ್ತವೆ, ಅಮಲು ತರುವುದಿಲ್ಲ.

ಅಮಲು ಬರುತ್ತಿದ್ದುದು ಈಚಲು ಮರದಿಂದ. ಹಳ್ಳದ ಬದಿಗಳಲ್ಲಿ, ಕೆರೆಯ ಹಿಂದೆ ನಿಂತ ಈಚಲು ಮರಗಳಿಂದ ನಸುಕಿನಲ್ಲಿ ಇಳಿಸಿದ ರಸ ಸಿಹಿಯಾದ ನೀರಾ. ಬಿಸಿಲೇರಿದಂತೆ ಗಾಳಿಯ ಯೀಸ್ಟ್ ಅದರ ಸಕ್ಕರೆಯನ್ನು ಮದ್ಯವಾಗಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಹೆಂಡ. ಅದರ ಅಮಲು ಹೆಚ್ಚುಕಡಿಮೆ ಬಿಯರಿನಷ್ಟೇ. ಮೈಸೂರು ಸಂಸ್ಥಾನಕ್ಕೆ ಈಚಲು ಮರಗಳು ಆದಾಯದ ಮೂಲವಾಗಿದ್ದವು. ಆ ಕಾರಣಕ್ಕೇ ಸ್ವಾತಂತ್ರ್ಯ ಹೋರಾಟದಲ್ಲಿ ಅವು ಗುರಿಯೂ ಆದವು. ನೆರೆಯ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ನಡೆದ ಈಚಲು ಮರ ಕಡಿಯುವ ಸತ್ಯಾಗ್ರಹದಲ್ಲಿ ಎಸ್. ನಿಜಲಿಂಗಪ್ಪ ಮೊದಲಾದವರಿದ್ದರು.

ಅಜ್ಜನ ಲೆಕ್ಕ

ಅಜ್ಜನ ಪ್ರಾಯದ ದಿನಗಳನ್ನು ಕಂಡವರು ಹೇಳುವಂತೆ ಆತ ಹೆಂಡ ಕುಡಿಯುತ್ತಿದ್ದುದು ಹಬ್ಬ, ನಾಟಕಗಳ ಕಾಲದಲ್ಲಿ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ಇದು. ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ‘ಕುರುಕ್ಷೇತ್ರ’ ಕಟ್ಟುವ ಹುಮ್ಮಸ್ಸು ಇಂದಿಗೂ ಆರಿಲ್ಲ. ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಕಿರೀಟ, ಕಡಲೆಪುರಿ, ಬೇಯಿಸಿದ ಕಡಲೆಕಾಯಿ, ಬೆಳಗಿನ ಜಾವದ ಟೀ. ಅದರ ನಡುವೆ ಒಂದು ಮೊಗೆ ಹೆಂಡ.

ಆಮೇಲೆ ಪ್ಯಾಕೆಟ್ ಸಾರಾಯಿ ಬಂತು. ಹೆಂಡದಂತೆ ಅದು ಹುಳಿಯುವುದಿಲ್ಲ, ಕೆಡುವುದಿಲ್ಲ. ಭಟ್ಟಿ ಇಳಿಸಿದ ಮದ್ಯವಾದ್ದರಿಂದ ಅಮಲು ಹಲವು ಪಟ್ಟು. ದಿನದ ಯಾವ ಹೊತ್ತಿನಲ್ಲಿಯೂ ಸಿಗುತ್ತಿತ್ತು. ನನಗೆ ಬುದ್ಧಿ ಬಂದ ಮೇಲೆ ಕಂಡ ಅಜ್ಜ ಈ ಸಾರಾಯಿಯ ಅಜ್ಜ. ಕಣದಿಂದ ಬಂದ ರಾಗಿಯಲ್ಲಿ ಎಷ್ಟು ಸೇರು ಅಂಗಡಿಯ ಸಾಲಕ್ಕೆ ಹೋಯಿತೆಂದು ಅಜ್ಜಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಒಂದು ವರ್ಷ ಮೊಳಕೆ ಕಟ್ಟಲು ಇಟ್ಟಿದ್ದ ರಾಗಿಯೂ ಹೋಯಿತು. ನನ್ನ ತಂಗಿಗೆ ಆ ವರ್ಷ ಪಕ್ಕದ ಮನೆಯವರು ಹಿಟ್ಟು ಕೊಟ್ಟರು. ಅಜ್ಜಿಯ ಪ್ರಶ್ನೆಯ ಹಿಂದಿರುವುದು ಈ ನೆನಪು.

ಹೊಸ ಶತಮಾನದ ಮೊದಲ ದಶಕದಲ್ಲಿ, ಕರಾವಳಿಯನ್ನು ಬಿಟ್ಟರೆ ನಾಡಿನ ಬಹುಭಾಗದಲ್ಲಿ ಹೆಂಡದ ವ್ಯಾಪಾರಕ್ಕೆ ತೆರೆಬಿತ್ತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಊರಿನ ಹೆಂಗಸರು ನಿಟ್ಟುಸಿರು ಬಿಟ್ಟದ್ದು ನಿಜ. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂದದ್ದೂ ನಿಜ.

ಬೆಂಗಳೂರಿನ ಲೋಟ

ಇಲ್ಲಿಂದ ಬಸ್ಸು ಹತ್ತಿದರೆ ಅರ್ಧ ದಿನವೂ ಬೇಡ, ಇನ್ನೊಂದು ಲೋಕ. ಬೆಂಗಳೂರಿಗೆ ಬಿಯರ್ ಹಳೆಯ ಪರಿಚಯ. ಥಾಮಸ್ ಲೀಷ್ಮನ್ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಎಂಬತ್ತರ ದಶಕದಲ್ಲಿ ಪಬ್‌ಗಳು ಬಂದವು. 2010–11ರ ಸುಮಾರಿಗೆ ಅಲ್ಲಿಯೇ ತಯಾರಿಸಿ ಅಲ್ಲಿಯೇ ಬಡಿಸುವ ಕಿರು ತಯಾರಿಕಾ ಘಟಕಗಳು ಆರಂಭವಾದವು. ಅವುಗಳ ಸರಕಿಗೇ ‘ಕ್ರಾಫ್ಟ್ ಬಿಯರ್’ ಎಂಬ ಹೆಸರು. ಕಾರ್ಖಾನೆಯ ಬಿಯರ್ ಎಲ್ಲೆಡೆ ಒಂದೇ ರುಚಿಯಿರಬೇಕೆಂದು ಬಯಸಿದರೆ, ಕ್ರಾಫ್ಟ್ ಬಿಯರ್ ತಯಾರಕರು ಸ್ಥಳೀಯ ರುಚಿಯನ್ನು ಹುಡುಕುತ್ತಾರೆ. ಹಾಗೆಂದೇ ಮಾವು, ಕಾಫಿ, ರಾಗಿ ಲೋಟಕ್ಕೆ ಬಂದವು. ಅದರ ಪಕ್ಕದಲ್ಲಿ ಬಟ್ಟಲಿನಲ್ಲಿ ಬರುವ ಮಸಾಲೆ ಕಡಲೆಕಾಯಿ ಪಾವಗಡದ್ದೋ ಶಿರಾದ್ದೋ ಆಗಿದ್ದರೆ ಅಚ್ಚರಿಯಿಲ್ಲ.

ಇದನ್ನು ಪೂರ್ತಿಯಾಗಿ ಹೀಗಳೆಯಬೇಕಾಗಿಲ್ಲ. ಮುದ್ದೆಯೆಂದರೆ ಹಳ್ಳಿಗರ ಊಟವೆಂದು ಮೂಗು ಮುರಿಯುತ್ತಿದ್ದ ಪೇಟೆ ಇಂದು ರಾಗಿಯ ಹೆಸರನ್ನು ಹೆಮ್ಮೆಯಿಂದ ಹೇಳುತ್ತಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ್ದೂ ಇದಕ್ಕೆ ಇಂಬು ಕೊಟ್ಟಿತು.

ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. 100 ಲೀಟರ್ ಬಿಯರಿಗೆ ಸುಮಾರು 20 ಕಿಲೊ ಧಾನ್ಯ ಬೇಕು. ಅರ್ಧ ಲೀಟರಿನ ಲೋಟಕ್ಕೆ 100 ಗ್ರಾಂ. ಅದರಲ್ಲಿ ಕಾಲು ಪಾಲು ರಾಗಿಯೆಂದರೆ 25 ಗ್ರಾಂ. 2025–26ರ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ಲೆಕ್ಕದಲ್ಲಿ ನೂರಾರು ರೂಪಾಯಿ ಬೆಲೆಯ ಒಂದು ಲೋಟದಲ್ಲಿ ರಾಗಿ ಬೆಳೆದವನ ಪಾಲು ಒಂದೂಕಾಲು ರೂಪಾಯಿಗೂ ಕಡಿಮೆ. ದೇಶದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚನ್ನು ಬೆಳೆಯುವ ನಾಡು ನಮ್ಮದು. ಬಿಯರಿನಿಂದ ರಾಗಿ ಬೆಳೆಗಾರ ಉದ್ಧಾರವಾಗುತ್ತಾನೆ ಎಂಬ ಮಾತನ್ನು ಈ ಲೆಕ್ಕ ಪಕ್ಕಕ್ಕಿಟ್ಟು ಕೇಳಬೇಕು.

ಇನ್ನೊಂದು ಲೆಕ್ಕವೂ ಇದೆ. ಶೇಕಡ 5ರಷ್ಟು ಮದ್ಯಸಾರವಿರುವ ಅರ್ಧ ಲೀಟರ್ ಬಿಯರಿನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಅದು ರಾಗಿಯಿಂದ ಬಂದರೂ ಬಾರ್ಲಿಯಿಂದ ಬಂದರೂ ಯಕೃತ್ತಿಗೆ ಒಂದೇ. ಆರೋಗ್ಯದ ದೃಷ್ಟಿಯಿಂದ ಮದ್ಯಪಾನಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಸುಣ್ಣದಂಶದ ಹೆಸರಿನಲ್ಲಿ ಬಿಯರನ್ನು ಆರೋಗ್ಯ ಪೇಯವೆಂದು ಕರೆಯುವುದು ರಾಗಿಗೂ ಮೋಸ, ಕುಡಿಯುವವನಿಗೂ ಮೋಸ.

ಉಳಿಯಬೇಕಾದದ್ದು

ಹಾಗಾದರೆ ಅಜ್ಜಿಗೆ ಏನು ಹೇಳುವುದು? ಮೊಳಕೆ ಕಟ್ಟುವ ವಿದ್ಯೆ ನಿನ್ನದೇ, ಮುಂದಿನ ದಾರಿ ಮಾತ್ರ ಅವರದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ರು ಕಲ್ತ್ಕಂಡ್ರು. ನೀವು ಕಲ್ತ್ಕಂಡ್ರಾ?” ಎಂದಳು. ಉತ್ತರ ನನ್ನಲ್ಲಿರಲಿಲ್ಲ. ನಮ್ಮ ಮನೆಯಲ್ಲಿ ಈಗ ರಾಗಿ ಮಾಲ್ಟ್ ಬರುವುದು ಅಂಗಡಿಯ ಡಬ್ಬಿಯಿಂದ.

ಬೆಂಗಳೂರಿನ ಯುವಕ ಸಣ್ಣ ಪ್ರಮಾಣದ ತಯಾರಿ, ಹುದುಗಿನ ಹದ, ಕಾಳಿನ ಹುರಿತ ಎಂದೆಲ್ಲ ಬಿಯರ್ ಲೋಟದ ಮುಂದೆ ಮೆಚ್ಚಿ ಮಾತಾಡುತ್ತಾನೆ. ಆ ಮೆಚ್ಚುಗೆಯ ಒಂದು ಪಾಲು ಅಂಬಲಿಯ ಮಡಕೆಗೂ ಸಲ್ಲಬೇಕು. ಹೆಂಡ ಹೋದದ್ದು ಸರ್ಕಾರದ ಆದೇಶದಿಂದ. ಅಂಬಲಿ, ಹುರಿಹಿಟ್ಟು, ಮನೆಯ ಸರಿಹಿಟ್ಟುಗಳನ್ನು ಯಾರೂ ನಿಷೇಧಿಸಿಲ್ಲ. ಅವು ಹೋಗುತ್ತಿರುವುದು ನಮ್ಮ ಮರೆವಿನಿಂದ.

ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಅಜ್ಜಿಯ ಎದುರು ಕುಳಿತು ಒಂದು ಸೇರು ರಾಗಿ ತೊಳೆದೆ. ಎಷ್ಟು ನೀರು, ಎಷ್ಟು ಹೊತ್ತು ಎಂದು ಬರೆದುಕೊಳ್ಳಲು ಪುಸ್ತಕ ತೆಗೆದರೆ, “ಬರ್ಕಂಡ್ರೆ ಬರಲ್ಲ, ಮುಟ್ಟಿ ನೋಡು” ಎಂದಳು. ತಂಗಿಗೆ ಈಗ ಏಳು ತಿಂಗಳ ಮಗುವಿದೆ. ನೆನೆದ ರಾಗಿಯ ಗಂಟನ್ನು ಚೀಲದಲ್ಲಿಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ. ಮೂರನೆಯ ದಿನ ಬಟ್ಟೆಯಿಂದ ಮೊಳಕೆ ಇಣುಕಿತು.