ಮತಪೆಟ್ಟಿಗೆ ತೆರೆಯುವ ಮುನ್ನ

ಹೀಬ್ರೂ ಭಾಷೆಯಲ್ಲಿ ಮತಪೆಟ್ಟಿಗೆಗೆ ‘ಕಲ್ಪಿ’ ಎಂದು ಹೆಸರು. ಮೂಲದಲ್ಲಿ ಇದು ಗ್ರೀಕ್ ಶಬ್ದ, ಕುಂಭವೆಂದು ಅರ್ಥ. ಪ್ರಾಯಶ್ಚಿತ್ತದ ದಿನದಂದು ಜೆರುಸಲೇಮಿನ ದೇವಾಲಯದ ಪ್ರಧಾನ ಅರ್ಚಕನು ಎರಡು ಹೋತಗಳ ಹಣೆಬರಹವನ್ನು ನಿರ್ಣಯಿಸಲು ಚೀಟಿ ಎತ್ತುತ್ತಿದ್ದುದು ಈ ಕಲ್ಪಿಯಿಂದಲೇ ಎಂದು ಯಹೂದ್ಯರ ಪ್ರಾಚೀನ ಗ್ರಂಥವಾದ ಮಿಷ್ನಾ ಹೇಳುತ್ತದೆ. ಯಾವ ಚೀಟಿ ಕೈಗೆ ಬಂದೀತೆಂದು ಮುಂಚಿತವಾಗಿ ನುಡಿಯುವವರು ಆಗ ಇರಲಿಲ್ಲ. ಈಗ ಆ ದೇಶದಲ್ಲಿ ಚುನಾವಣೆ ಬಂತೆಂದರೆ ಹಾಗೆ ನುಡಿಯುವುದೇ ಒಂದು ವೃತ್ತಿ. ನಾನು ರಾಜ್ಯಶಾಸ್ತ್ರದವನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಒಂದು ಶಬ್ದದ ಬೆನ್ನುಹತ್ತಿ ಹೋಗಿ ಈ ವಿಷಯದೊಳಕ್ಕೆ ಬಿದ್ದವನು.

ಇಸ್ರೇಲಿನ ಸಂಸತ್ತಾದ ಕ್ನೆಸೆಟ್‌ನಲ್ಲಿ 120 ಸ್ಥಾನಗಳು. ನಮ್ಮಲ್ಲಿರುವಂತೆ ಊರೂರಿಗೆ ಕ್ಷೇತ್ರಗಳಿಲ್ಲ. ಇಡೀ ದೇಶವೇ ಒಂದು ಕ್ಷೇತ್ರ. ಮತದಾರನು ಪಕ್ಷದ ಅಕ್ಷರಗಳಿರುವ ಚೀಟಿಯೊಂದನ್ನು ಆಯ್ದು ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕುತ್ತಾನೆ. ಪಕ್ಷಕ್ಕೆ ಬಂದ ಮತಗಳ ಪ್ರಮಾಣದಲ್ಲಿ ಸ್ಥಾನಗಳು ಹಂಚಿಕೆಯಾಗುತ್ತವೆ. ಆದರೆ ಒಂದು ಹೊಸ್ತಿಲುಂಟು. ಬಹುಕಾಲ ನೂರಕ್ಕೆ ಒಂದರಷ್ಟಿದ್ದ ಅದನ್ನು ಹಂತಹಂತವಾಗಿ ಏರಿಸಿ 2014ರಲ್ಲಿ ಶೇಕಡಾ 3.25ಕ್ಕೆ ನಿಲ್ಲಿಸಿದರು. ಅದನ್ನು ದಾಟಿದ ಪಕ್ಷಕ್ಕೆ ನಾಲ್ಕು ಸ್ಥಾನಗಳಾದರೂ ಸಿಕ್ಕಾವು, ದಾಟದಿದ್ದರೆ ಸೊನ್ನೆ.

ಸಮೀಕ್ಷೆಯ ಸಂಕಟವಿರುವುದು ಇಲ್ಲಿಯೇ. ಐದುನೂರು ಜನರನ್ನು ಕೇಳಿ ದೇಶದ ಮನಸ್ಸನ್ನು ಹೇಳುವ ಪದ್ಧತಿ ಅಲ್ಲಿ ಸಾಮಾನ್ಯ. ಐದುನೂರರಲ್ಲಿ ಶೇಕಡಾ 3.25 ಎಂದರೆ ಹದಿನಾರು ಮಂದಿ. ಹದಿನೈದು ಜನ ಹೂಂ ಎಂದರೆ ಪಕ್ಷ ಸತ್ತಿತು, ಹದಿನೇಳು ಜನ ಎಂದರೆ ಬದುಕಿತು! ಇನ್ನು ಪ್ರಶ್ನೆ ಕೇಳುವವರ ಮುಂದೆ ಬಾಯಿಬಿಡದ ಕಟ್ಟಾ ಸಂಪ್ರದಾಯಸ್ಥರು, ಅರಬ್ಬಿಯನ್ನೋ ರಷ್ಯನ್ನನ್ನೋ ಮನೆಮಾತಾಗಿ ಉಳ್ಳವರು, ಕೊನೆಯ ಗಳಿಗೆಯವರೆಗೆ ನಿರ್ಧರಿಸದವರು, ಇವರನ್ನೆಲ್ಲ ಹೇಗೆ ಲೆಕ್ಕಕ್ಕೆ ಹಿಡಿಯುವುದು?

ಆದರೂ ಈ ವಿದ್ಯೆಗೆ ಒಂದು ಯಶಸ್ಸಿನ ರಾತ್ರಿ ಇತ್ತು. 1977ರ ಮೇ 17. ರಾಜ್ಯ ಸ್ಥಾಪನೆಯಾದ 1948ರಿಂದ ಲೇಬರ್ ಪಂಥದವರೇ ಆಳಿದ್ದರು. ಅಂದು ಮತದಾನ ಮುಗಿಯುತ್ತಲೇ, ಮತಗಟ್ಟೆಯಿಂದ ಹೊರಬಂದವರನ್ನು ಕೇಳಿ ಹಾಕಿದ ಲೆಕ್ಕವನ್ನು ದೂರದರ್ಶನದಲ್ಲಿ ಹೈಮ್ ಯಾವಿನ್ ಪ್ರಕಟಿಸಿ, ‘ಮಹಪಾಖ್’ ಎಂಬ ಒಂದೇ ಪದದಲ್ಲಿ ಅದನ್ನು ಹಿಡಿದಿಟ್ಟರು. ಬುಡಮೇಲು ಎಂದು ಇದನ್ನು ಕನ್ನಡಿಸಬಹುದು. ಕ್ರಾಂತಿಗೆ ‘ಮಹಪೇಖಾ’ ಎಂಬ ಬೇರೆ ಪದ, ಅದೇ ಧಾತುವಿನಿಂದ ಹುಟ್ಟಿದ್ದು, ಅವರಲ್ಲಿ ಇತ್ತು, ಅದನ್ನು ಬಳಸಲಿಲ್ಲ. ಚೀಟಿಯಿಂದಾದ ಬದಲಾವಣೆಗೂ ಕತ್ತಿಯಿಂದಾದುದಕ್ಕೂ ಒಂದು ಸ್ವರದ ಅಂತರ! ಬೇಗಿನ್‌ರ ಲಿಕುಡ್‌ಗೆ 43 ಸ್ಥಾನ ಬಂದವು. ಲೇಬರ್ ಕೂಟ 51ರಿಂದ 32ಕ್ಕೆ ಇಳಿಯಿತು. ಪೂರ್ವದೇಶಗಳಿಂದ ವಲಸೆ ಬಂದು ಅನಾದರವನ್ನುಂಡ ಯಹೂದ್ಯರು ಲಿಕುಡ್ ಕಡೆ ವಾಲಿದ್ದರು. ವಿದ್ಯಾವಂತ ಮಧ್ಯಮವರ್ಗದ ಬೇಸರ ‘ಡ್ಯಾಶ್’ ಎಂಬ ಹೊಸ ಪಕ್ಷಕ್ಕೆ 15 ಸ್ಥಾನಗಳನ್ನು ಕೊಟ್ಟಿತ್ತು. ನಮ್ಮ ದೇಶದಲ್ಲಿಯೂ ಅದೇ ವರ್ಷದ ಮಾರ್ಚಿನಲ್ಲಿ ಮೂವತ್ತು ವರ್ಷ ಆಳಿದ ಪಕ್ಷ ಉರುಳಿತ್ತು. ಆಗ ವಿದ್ಯಾರ್ಥಿಯಾಗಿದ್ದ ನನಗೆ ನೆನಪಿದೆ, ಕರ್ನಾಟಕ ಮಾತ್ರ ಆ ಗಾಳಿಗೆ ಬಾಗಿರಲಿಲ್ಲ.

ಆಮೇಲಿನದು ಅಷ್ಟು ಕೀರ್ತಿಯ ಕಥೆಯಲ್ಲ. 1996ರಲ್ಲಿ ಪೆರೆಸ್ ಗೆದ್ದರೆಂದು ಕೇಳಿ ಮಲಗಿದ ಜನ ಬೆಳಗ್ಗೆ ಎದ್ದಾಗ ನೆತನ್ಯಾಹು ಗೆದ್ದಿದ್ದರು. ಅಂತರ ಸುಮಾರು 30 ಸಾವಿರ ಮತ. 2006ರಲ್ಲಿ ಸಮೀಕ್ಷೆಗಳು ಬಹುಮಟ್ಟಿಗೆ ಅಲಕ್ಷಿಸಿದ್ದ ಪಿಂಚಣಿದಾರರ ಪಕ್ಷ 7 ಸ್ಥಾನ ಗೆದ್ದಿತು. ನಾನೂ ಪಿಂಚಣಿದಾರನಾದ್ದರಿಂದ ಹಿಗ್ಗಿದೆನಾದರೂ, ಬೇಸತ್ತ ತರುಣರೂ ಅದಕ್ಕೆ ಮತ ಹಾಕಿದ್ದರೆಂದು ತಿಳಿದು ಸುಮ್ಮನಾದೆ. 2009ರಲ್ಲಿ ಅದಕ್ಕೆ ಒಂದು ಸ್ಥಾನವೂ ಬರಲಿಲ್ಲ.

2015ರ ಚುನಾವಣೆ ಇನ್ನೂ ಸೂಕ್ಷ್ಮವಾದದ್ದು. ಮತದಾನದ ಹಿಂದಿನ ಕೆಲವು ದಿನ ಸಮೀಕ್ಷೆ ಪ್ರಕಟಿಸಬಾರದೆಂಬ ಕಾನೂನು ಅಲ್ಲಿದೆ. ಕೊನೆಯದಾಗಿ ಪ್ರಕಟವಾದ ಸಮೀಕ್ಷೆಗಳಲ್ಲಿ ಎದುರಾಳಿಗಳು ಸುಮಾರು ನಾಲ್ಕು ಸ್ಥಾನ ಮುಂದಿದ್ದರು. ಅದನ್ನೇ ಹಿಡಿದು ನೆತನ್ಯಾಹು ಅವರು ‘ನಾವು ಸೋಲುತ್ತಿದ್ದೇವೆ’ ಎಂದು ಬೊಬ್ಬೆಯಿಟ್ಟರು. ಯಿಡ್ಡಿಷ್ ಭಾಷೆಯಲ್ಲಿ ‘ಗೆವಾಲ್ಡ್’ ಎಂದರೆ ಅಯ್ಯೋ ಎಂಬ ಕೂಗು. ಈ ತಂತ್ರಕ್ಕೆ ಅದೇ ಹೆಸರು. ಪಕ್ಕದ ಪಕ್ಷಗಳ ಬೆಂಬಲಿಗರು ಗಾಬರಿಯಾಗಿ ಲಿಕುಡ್‌ಗೆ ಬಂದರು. ಫಲಿತಾಂಶ 30 ಮತ್ತು 24. ಬಲಪಂಥದ ಇನ್ನೊಂದು ಪಕ್ಷವಾದ ‘ಯಹೂದಿ ಮನೆ’ 12ರಿಂದ 8ಕ್ಕೆ ಇಳಿಯಿತು. ಪಂಥದ ಒಟ್ಟು ಬಲ ಹೆಚ್ಚು ಕದಲಲಿಲ್ಲ. ಮತಗಳು ಒಂದೇ ಮನೆಯೊಳಗೆ ಕೋಣೆ ಬದಲಿಸಿದವು. ಸಮೀಕ್ಷೆ ತಪ್ಪಿತೇ, ಇಲ್ಲವೇ ಸಮೀಕ್ಷೆಯನ್ನು ಓದಿದ ಜನರೇ ಅದನ್ನು ತಪ್ಪಿಸಿದರೇ? ಎರಡನೆಯದರಲ್ಲಿ ಬಹಳಷ್ಟು ನಿಜವಿದೆಯೆಂದು ನನ್ನ ಅನಿಸಿಕೆ.

2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಅಲ್ಲಿ ಐದು ಚುನಾವಣೆಗಳು ನಡೆದವು. ಐದನೆಯದರಲ್ಲಿ ಲೇಬರ್ ಮತ್ತು ಮೆರೆಟ್ಸ್ ಎಂಬ ಎರಡು ಎಡಪಕ್ಷಗಳು ಕೂಡಿ ಸ್ಪರ್ಧಿಸಬೇಕೆಂಬ ಒತ್ತಾಯವಿತ್ತು. ಸಮೀಕ್ಷೆಗಳಲ್ಲಿ ಎರಡೂ ಬಹುಮಟ್ಟಿಗೆ ಹೊಸ್ತಿಲು ದಾಟಿದ್ದವು. ಲೇಬರ್ ನಾಯಕಿ ಮೆರಾವ್ ಮಿಖಾಯೇಲಿ ಕೂಡಿಕೆಯನ್ನು ಒಪ್ಪಲಿಲ್ಲ. ಪೆಟ್ಟಿಗೆ ತೆರೆದಾಗ ಲೇಬರ್ ನಾಲ್ಕು ಸ್ಥಾನಗಳೊಡನೆ ಬದುಕುಳಿಯಿತು. 1992ರಲ್ಲಿ 12 ಸ್ಥಾನ ಪಡೆದಿದ್ದ ಮೆರೆಟ್ಸ್‌ಗೆ ಬಂದದ್ದು ಶೇಕಡಾ 3.16, ಕೊರತೆ ಸುಮಾರು ನಾಲ್ಕು ಸಾವಿರ ಮತ. ಅದಕ್ಕೆ ಬಿದ್ದಿದ್ದ ಒಂದೂವರೆ ಲಕ್ಷ ಮತಗಳು ಯಾರನ್ನೂ ಸಂಸತ್ತಿಗೆ ಕಳಿಸಲಿಲ್ಲ. ಬಾಲಾದ್ ಎಂಬ ಅರಬ್ ಪಕ್ಷದ ಮತಗಳಿಗೂ ಅದೇ ಗತಿಯಾಯಿತು. ಎರಡು ಪಾಳೆಯಗಳ ಒಟ್ಟು ಮತಗಳಲ್ಲಿ ಅಂತರ ಅತ್ಯಲ್ಪವಾಗಿದ್ದರೂ ನೆತನ್ಯಾಹು ಅವರ ಕೂಟಕ್ಕೆ 64 ಸ್ಥಾನಗಳು ದೊರೆತವು.

ಲೇಬರ್ ಮತ್ತು ಮೆರೆಟ್ಸ್ ಕೂಡಿ ಒಂದೇ ಪಕ್ಷವಾದದ್ದು 2024ರ ಜುಲೈನಲ್ಲಿ.