ಒಂದು ಹಾಳೆ ಪತ್ರಿಕೆ, ಒಂದು ಕೆಂಪು ಚುಕ್ಕೆ

ಒಮ್ಮೆ ಬಳಸಿ ಬಿಸಾಡುವ ಡೈಪರ್ ಇಂದು ಕರ್ನಾಟಕದ ಸಣ್ಣ ಊರುಗಳ ಮೆಡಿಕಲ್ ಶಾಪು, ಕಿರಾಣಿ ಅಂಗಡಿಗಳಲ್ಲಿಯೂ ಬಿಡಿಯಾಗಿ ದೊರೆಯುವಷ್ಟು ಸಾಮಾನ್ಯವಾಗಿದೆ. ಒಂದು ಕಂಪನಿಯ ಮಾಲಿನ ಹೆಸರಾದ 'ಪ್ಯಾಂಪರ್ಸ್' ಎಂಬುದೇ ಅನೇಕ ಮನೆಗಳಲ್ಲಿ ಆ ಇಡೀ ವಸ್ತುವಿನ ಹೆಸರಾಗಿದೆ. ಕೊಳ್ಳುವಾಗ ಬೆಲೆ, ಅಳತೆ, ಹೀರುವ ಶಕ್ತಿಗಳನ್ನು ಕೂಲಂಕಷವಾಗಿ ನೋಡುವ ಕುಟುಂಬಗಳು, ಬಳಸಿದ ಮೇಲೆ ಅದನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಅಷ್ಟು ಗಮನ ಕೊಡುವುದಿಲ್ಲ. ದಿನಕ್ಕೆ 6 ಡೈಪರ್ ಎಂದು ಹಿಡಿದರೆ ತಿಂಗಳಿಗೆ 180 ಆಗುತ್ತವೆ. ನೆನೆದ ಒಂದೊಂದರ ತೂಕ ಸುಮಾರು 200 ಗ್ರಾಂ ಎಂದುಕೊಂಡರೆ, ಇನ್ನೂ ಅಂಬೆಗಾಲಿಡದ ಒಂದು ಕೂಸಿನಿಂದ ದಿನಕ್ಕೆ ಒಂದು ಕಿಲೋಗ್ರಾಮಿಗೂ ಮಿಕ್ಕಿದ ಕಸ ಹುಟ್ಟುತ್ತದೆ. ಹಾಸಿಗೆ ಹಿಡಿದ ಹಿರಿಯರಿಗೆ ಬಳಸುವ ದೊಡ್ಡ ಡೈಪರ್‌ಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ, ಮತ್ತು ಅವುಗಳ ತೂಕ ಇನ್ನೂ ಹೆಚ್ಚು.

ಈ ಕಸದ ವಿಲೇವಾರಿ ಏಕೆ ಕಷ್ಟವೆಂಬುದನ್ನು ಅರಿಯಲು ಅದರ ರಚನೆಯನ್ನು ತಿಳಿಯಬೇಕಾಗುತ್ತದೆ. ಅಮೆರಿಕದಲ್ಲಿ 1961ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪ್ಯಾಂಪರ್ಸ್ ಮುಖ್ಯವಾಗಿ ಕಾಗದದ ಜಾತಿಯ ನಾರು ಮತ್ತು ಪ್ಲಾಸ್ಟಿಕ್ ಹಾಳೆಯಿಂದ ಆದದ್ದಾಗಿತ್ತು. ಈಗಿನ ಡೈಪರ್‌ನಲ್ಲಿ ಮೈಗೆ ತಾಗುವ ಪದರ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಎಳೆಗಳದ್ದು, ಹೊರಗಿನ ಸೋರದ ಪದರ ಪಾಲಿಎಥಿಲೀನ್‌ನದ್ದು, ನಡುವೆ ಮರದ ತಿರುಳಿನ ಹತ್ತಿಯಂಥ ನಾರು, ಮತ್ತು ಆ ನಾರಿನಲ್ಲಿ ಬೆರೆತ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಬಿಳಿಯ ಹರಳುಪುಡಿ ಇರುತ್ತವೆ. ಈ ಪುಡಿ ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರಿ ಗಂಜಿಯಂಥ ಜೆಲ್ ಆಗುತ್ತದೆ. ಮೂತ್ರದಲ್ಲಿ ಉಪ್ಪಿನ ಅಂಶವಿರುವುದರಿಂದ ಅದರಲ್ಲಿ ಹೀರುವ ಪ್ರಮಾಣ ಬಹಳ ಇಳಿದರೂ, ಒಂದು ರಾತ್ರಿಗೆ ಸಾಕಾಗುವಷ್ಟು ಉಳಿಯುತ್ತದೆ. ಹೀಗೆ ಕಾಗದ, ಪ್ಲಾಸ್ಟಿಕ್, ಜೆಲ್, ಮೂತ್ರ, ಮಲಗಳು ಒಂದಕ್ಕೊಂದು ಅಂಟಿಕೊಂಡ ಈ ವಸ್ತುವನ್ನು ಹಸಿಕಸವೆಂದು ಗೊಬ್ಬರಕ್ಕೆ ಹಾಕಲೂ ಆಗದು, ಒಣಕಸವೆಂದು ಗುಜರಿಗೆ ಕೊಡಲೂ ಆಗದು. ಡೈಪರ್ ಮಣ್ಣಾಗಲು 500 ವರ್ಷ ಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆ ವಸ್ತು ಹುಟ್ಟಿ ಇನ್ನೂ ನೂರು ವರ್ಷವಾಗಿಲ್ಲದಿರುವಾಗ ಅದು ಅಂದಾಜೇ ಹೊರತು ಯಾರೂ ಕಂಡ ಸತ್ಯವಲ್ಲ. ಆದರೆ ಅದರ ಪ್ಲಾಸ್ಟಿಕ್ ಪದರಗಳು ಮನೆಯವರ ಆಯುಸ್ಸನ್ನು ಮೀರಿ ಉಳಿಯುತ್ತವೆ ಎಂಬುದರಲ್ಲಿ ಸಂಶಯವಿಲ್ಲ.

ಖರ್ಚಿಲ್ಲದ ಉಪಾಯಗಳೆಂದು ರೂಢಿಯಲ್ಲಿರುವ ಮೂರ್ನಾಲ್ಕು ದಾರಿಗಳು ವಾಸ್ತವದಲ್ಲಿ ಖರ್ಚನ್ನು ಬೇರೆಯವರ ಮೇಲೆ ಹೊರಿಸುವ ದಾರಿಗಳಾಗಿವೆ. ಅವುಗಳಲ್ಲಿ ಶೌಚಾಲಯಕ್ಕೆ ಹಾಕಿ ನೀರು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ನೀರು ಕಂಡಷ್ಟೂ ಊದುವ ಗುಣವುಳ್ಳ ಜೆಲ್ ಕೊಳವೆಯ ತಿರುವಿನಲ್ಲಿ ಬಿರಡೆಯಂತೆ ಕೂರುತ್ತದೆ. ಹಳ್ಳಿಗಳಲ್ಲಿ ಸ್ವಚ್ಛ ಭಾರತ ಯೋಜನೆಯಡಿ ಕಟ್ಟಿರುವ ಅವಳಿ ಗುಂಡಿಯ ಶೌಚಾಲಯಗಳು, ದ್ರವ ಮಣ್ಣಿಗೆ ಇಂಗಿ ಮಲ ಕಾಲಕ್ರಮದಲ್ಲಿ ಗೊಬ್ಬರವಾಗುತ್ತದೆಂಬ ನಂಬಿಕೆಯ ಮೇಲೆ ನಿಂತಿವೆ. ಕರಗದ ಡೈಪರ್‌ಗಳು ಬಿದ್ದ ಗುಂಡಿ ಬೇಗ ತುಂಬುವುದಲ್ಲದೆ ಅದರ ಗೊಬ್ಬರವೂ ಕೆಡುತ್ತದೆ. ಕೈಯಿಂದ ಮಲ ಬಾಚಿಸುವುದನ್ನೂ ರಕ್ಷಣೆಯಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆಯಾದರೂ, ಕಟ್ಟಿಕೊಂಡ ಕೊಳವೆಯನ್ನು ಬಿಡಿಸಲು ಕೊನೆಗೆ ಯಾರದೋ ಕೈಯೇ ಒಳಹೋಗುತ್ತದೆ.

ಹಿತ್ತಲಲ್ಲಿ ಸುಡುವುದು ಎರಡನೆಯ ರೂಢಿ. ಮೂತ್ರದಿಂದ ತೊಯ್ದ ವಸ್ತು ಉರಿಯದೆ ಹೊಗೆಯಾಡುತ್ತದೆ, ಮತ್ತು ಕಡಿಮೆ ಶಾಖದಲ್ಲಿ ಅರೆಬೆಂದ ಪ್ಲಾಸ್ಟಿಕ್‌ನ ಹೊಗೆಯನ್ನು ಮೊದಲು ಉಸಿರಾಡುವವರು ಅದೇ ಮನೆಯ ಮಕ್ಕಳು. ಆಸ್ಪತ್ರೆಯ ಕಸ ಸುಡುವ ಕುಲುಮೆಗಳಿಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಗೊತ್ತುಮಾಡಿರುವ ಶಾಖವನ್ನು ನೋಡಿದರೆ ಅಂತರ ಸ್ಪಷ್ಟವಾಗುತ್ತದೆ: ಮೊದಲ ಕೋಣೆಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್, ಹೊಗೆಯನ್ನು ಮತ್ತೊಮ್ಮೆ ಸುಡುವ ಎರಡನೆಯ ಕೋಣೆಯಲ್ಲಿ ಸುಮಾರು 1050 ಡಿಗ್ರಿ. ತರಗೆಲೆಯ ಬೆಂಕಿ ಇದರ ಹತ್ತಿರಕ್ಕೂ ಬರುವುದಿಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ಕಸದ ಮೊಕದ್ದಮೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವರ್ಗವಾಗಿ, 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂಬ ಆದೇಶದಲ್ಲಿ ಮುಗಿಯಿತು. ಸುಡುವ ಈ ರೂಢಿಗೆ ತದ್ವಿರುದ್ಧವಾದ ನಂಬಿಕೆಯೊಂದು ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿದೆ; ಡೈಪರ್ ಸುಟ್ಟರೆ ಮಗುವಿನ ಚರ್ಮಕ್ಕೆ ಉರಿ ತಗಲುತ್ತದೆಂದು ಅಂಜುವ ತಾಯಂದಿರು ಅದನ್ನು ಬ್ರಾಂತಾಸ್ ನದಿಗೆ ಎಸೆಯುತ್ತಾರೆ, ಮತ್ತು ಆ ನದಿಯ ಮಾಲಿನ್ಯಕ್ಕೆ ಡೈಪರ್ ಒಂದು ಮುಖ್ಯ ಕಾರಣವಾಗಿ ಕೂತಿದೆ. ನಮ್ಮ ಹಳ್ಳಗಳ ಸೇತುವೆಗಳ ಕೆಳಗೆ ಕಾಣುವ ಬಿಳಿ ಗಂಟುಗಳಿಗೆ ಅಂಥ ನಂಬಿಕೆಯ ನೆಪವೂ ಇಲ್ಲ.

ಸರಿಯಾದ ವಿಲೇವಾರಿಯ ಮೊದಲ ಹೆಜ್ಜೆ ಡೈಪರ್ ಕಟ್ಟುವುದಕ್ಕೂ ಮುಂಚಿನದು: ಅದರಲ್ಲಿರುವ ಮಲವನ್ನು ಶೌಚಾಲಯದ ಗುಂಡಿಗೆ ಉದುರಿಸಬೇಕು. ಕೂಸಿನ ಮಲಕ್ಕೆ ದೋಷವಿಲ್ಲವೆಂಬ ಭಾವನೆ ಬಹಳ ಹಳೆಯದು ಮತ್ತು ಬಹಳ ತಪ್ಪು. ಮಕ್ಕಳ ವಾಂತಿಭೇದಿಗೆ ಮುಖ್ಯ ಕಾರಣಗಳಲ್ಲೊಂದಾದ ರೋಟಾವೈರಸ್ ರೋಗಿ ಮಗುವಿನ ಮಲದಲ್ಲಿ ಅಪಾರ ಸಂಖ್ಯೆಯಲ್ಲಿರುತ್ತದೆ, ಪೋಲಿಯೊ ಹನಿ ಹಾಕಿಸಿಕೊಂಡ ಕೂಸು ಕೆಲವು ವಾರಗಳವರೆಗೆ ಲಸಿಕೆಯ ವೈರಸ್ಸನ್ನು ಮಲದಲ್ಲಿ ಹೊರಹಾಕುತ್ತದೆ. ಆರೋಗ್ಯ ಸಮೀಕ್ಷೆಗಳ ವರ್ಗೀಕರಣದಲ್ಲಿ ಮಗುವಿನ ಮಲವನ್ನು ಶೌಚಾಲಯಕ್ಕೆ ಸೇರಿಸುವುದು ಸುರಕ್ಷಿತವೆಂದೂ ಕಸದ ಬುಟ್ಟಿಗೆ ಹಾಕುವುದು ಅಸುರಕ್ಷಿತವೆಂದೂ ಎಣಿಕೆಯಾಗುವುದು ಈ ಕಾರಣದಿಂದ. ಅನ್ನ, ರಾಗಿಗಂಜಿ ತಿನ್ನಲು ಆರಂಭಿಸಿದ ಮಗುವಿನದು ಗಟ್ಟಿಯಾಗಿರುವುದರಿಂದ ಡೈಪರ್ ಒದರಿದರೆ ಸಾಕು. ಎದೆಹಾಲು ಮಾತ್ರ ಕುಡಿಯುವ ಕೂಸಿನದು ತೆಳ್ಳಗಿದ್ದು ಅಂಟಿಕೊಳ್ಳುವುದರಿಂದ, ಡೈಪರ್‌ನ ಒಳಗೆ ತೆಳುವಾದ ಹಳೆಯ ಪಂಚೆಯ ತುಂಡೊಂದನ್ನು ಹಾಸಿ, ಆ ತುಂಡನ್ನು ಮಾತ್ರ ಶೌಚಾಲಯದಲ್ಲಿ ಜಾಲಿಸಿ ಒಗೆಯುವುದು ಅನುಕೂಲ. ಡೈಪರ್ ಮೇಲೆಯೇ ನೀರು ಸುರಿದು ತೊಳೆಯಹೋದರೆ ಜೆಲ್ ಇನ್ನಷ್ಟು ಊದಿ ಒಡೆದು ಹೊರಬರುತ್ತದೆ. ಒರೆಸಲು ಬಳಸುವ ವೆಟ್ ವೈಪ್ಸ್‌ಗಳಲ್ಲಿ ಹಲವು ಪ್ಲಾಸ್ಟಿಕ್ ಎಳೆಗಳಿಂದ ಆದವು. ಅವು ಕಾಗದದಂತೆ ಕಂಡರೂ ಶೌಚಾಲಯಕ್ಕೆ ಬೀಳಬಾರದು.

ಅನಂತರದ ಕೆಲಸ ಅರೆ ನಿಮಿಷದ್ದು. ಡೈಪರನ್ನು ಮುಂಭಾಗದಿಂದ ಹಿಂಭಾಗಕ್ಕೆ ಬಿಗಿಯಾಗಿ ಸುರುಳಿ ಸುತ್ತಿ, ಅದರದೇ ಎರಡು ಬದಿಯ ಅಂಟುಪಟ್ಟಿಗಳಿಂದ ಭದ್ರಪಡಿಸಿ, ಚಡ್ಡಿಯಂಥ ಮಾದರಿಯಾದರೆ ಪಕ್ಕದ ಹೊಲಿಗೆಗಳನ್ನು ಹರಿದು ಹಿಂಬದಿಯ ಅಂಟುಪಟ್ಟಿಯಿಂದ ಬಿಗಿದು, ಹಳೆಯ ದಿನಪತ್ರಿಕೆಯ ಒಂದು ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಹೊರಗೆ ಎದ್ದು ಕಾಣುವಂತೆ ಕೆಂಪು ಶಾಯಿಯಲ್ಲಿ ದೊಡ್ಡ ಚುಕ್ಕೆ ಅಥವಾ ಅಡ್ಡಗೀಟು ಹಾಕಬೇಕು. ಕೊನೆಗೆ ಸೋಪಿನಿಂದ ಕೈ ತೊಳೆಯಬೇಕು. ಇದಕ್ಕಾಗುವ ಖರ್ಚನ್ನು ಲೆಕ್ಕ ಹಾಕಬಹುದು. ಹಾಳೆಗೆ 20 ಗ್ರಾಂ ಎಂದರೂ ತಿಂಗಳಿಗೆ ಮೂರೂವರೆ ಕಿಲೋಗ್ರಾಂ ಆಸುಪಾಸು ಪತ್ರಿಕೆ ಬೇಕು, ಅದನ್ನು ರದ್ದಿಗೆ ಹಾಕಿದರೆ ಬರುತ್ತಿದ್ದುದು ಹೆಚ್ಚೆಂದರೆ ನಾಲ್ಕೈದು ಡೈಪರ್ ಕೊಳ್ಳುವಷ್ಟು ಹಣ. ಪರಿಮಳ ಹಾಕಿದ ವಿಶೇಷ ಚೀಲಗಳೂ, ಒಂದೊಂದನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತುವ ದುಬಾರಿ ಡಬ್ಬಗಳೂ ಇದಕ್ಕಿಂತ ಹೆಚ್ಚೇನನ್ನೂ ಸಾಧಿಸುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟುವ ಪದ್ಧತಿಗೆ ಎರಡು ಆಕ್ಷೇಪಗಳಿವೆ: ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ, ಮತ್ತು ಒಳಗೇನಿದೆಯೆಂದು ತಿಳಿಯದ ಗಂಟನ್ನು ಕಸ ಬೇರ್ಪಡಿಸುವವರು ಬಿಚ್ಚಲೇಬೇಕಾಗುತ್ತದೆ.

ವಾಸನೆಯ ವಿಷಯದಲ್ಲಿ ಮನೆಮದ್ದುಗಳು ಬಹಳ, ಆದರೆ ಎಲ್ಲವೂ ಸರಿಯಲ್ಲ. ಮೂತ್ರದಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಮೂಗಿಗೆ ಘಾಟು ಹೊಡೆಯುವ ಅಮೋನಿಯ ಹುಟ್ಟುತ್ತದೆ. ಅಮೋನಿಯ ಕ್ಷಾರ ಗುಣದ್ದು. ಬೂದಿ, ಸುಣ್ಣಗಳೂ ಕ್ಷಾರವೇ ಆದ್ದರಿಂದ ಅವನ್ನು ಉದುರಿಸಿದರೆ ಘಾಟು ಅಡಗುವ ಬದಲು ಇನ್ನಷ್ಟು ಏಳುತ್ತದೆ. ಹುಳಿ ಗುಣದ ವಿನೆಗರ್ ಅಮೋನಿಯವನ್ನು ಹಿಡಿದಿಡುತ್ತದೆ, ಹಾಗಾಗಿ ಡಬ್ಬ ತೊಳೆದ ಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸುವುದು ಉಪಯುಕ್ತ. ಅಡುಗೆ ಸೋಡಾ ಮಲದ ಹುಳಿವಾಸನೆಗೆ ಸ್ವಲ್ಪ ಸಹಾಯಕ, ಅಮೋನಿಯಕ್ಕೆ ಅಷ್ಟಲ್ಲ. ಮಲವನ್ನು ಮೊದಲೇ ತೆಗೆದಿದ್ದರೆ ವಾಸನೆಯ ಮುಕ್ಕಾಲು ಪಾಲು ತೊಂದರೆಯೂ ಅಲ್ಲಿಗೇ ಮುಗಿಯುತ್ತದೆಂಬುದು ಅನುಭವಸ್ಥರ ಮಾತು. ಸಂಗ್ರಹಕ್ಕೆ ಮುಚ್ಚಳವುಳ್ಳ ಹಳೆಯ ಬಣ್ಣದ ಬಕೆಟ್ಟು ಸಾಕು. ಗೋಡೆಗೆ ಬಣ್ಣ ಹೊಡೆಸಿದ ಮನೆಗಳಲ್ಲೆಲ್ಲ ಅದು ಮೂಲೆಯಲ್ಲಿ ಬಿದ್ದಿರುತ್ತದೆ. ಅದರೊಳಗೆ ಡೈಪರ್ ಬಂದ ದೊಡ್ಡ ಕವರನ್ನೇ ಅಸ್ತರಿಯಾಗಿ ಹಾಸಿ, ನಾಯಿಗಳಿಗೆ ಎಟುಕದ ನೆರಳಿನ ಜಾಗದಲ್ಲಿಟ್ಟು, ಖಾಲಿಯಾದ ಮೇಲೆ ತೊಳೆದು ಬಿಸಿಲಿಗೆ ಹಿಡಿದರೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಮನೆಬಾಗಿಲು ದಾಟಿದ ಮೇಲಿನ ವ್ಯವಸ್ಥೆಗೆ ಬೆಂಗಳೂರು ಒಂದು ಒಳ್ಳೆಯ ಉದಾಹರಣೆ. ಮಾವಳ್ಳಿಪುರ, ಮಂಡೂರುಗಳ ಜನ ನಗರದ ಕಸ ಇನ್ನು ತಮ್ಮೂರಿಗೆ ಬೇಡವೆಂದು ತಡೆದು ನಿಂತ ಮೇಲೆ, ಮಂಡೂರಿಗೆ ಹೋಗುತ್ತಿದ್ದ ಲಾರಿಗಳು 2014ರ ಕೊನೆಗೆ ನಿಂತವು. ಮರುವರ್ಷ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಪ್ರತಿ ಮನೆಯೂ ಎರಡು ಬುಟ್ಟಿ, ಒಂದು ಚೀಲ ಇಟ್ಟುಕೊಳ್ಳಬೇಕೆಂದು ಆದೇಶಿಸಿತು. ಹಸಿರು ಬುಟ್ಟಿ ಹಸಿಕಸಕ್ಕೆ, ಚೀಲ ಒಣಕಸಕ್ಕೆ, ಕೆಂಪು ಬುಟ್ಟಿ ಡೈಪರ್, ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜುಗಳಂಥ ನೈರ್ಮಲ್ಯ ಕಸಕ್ಕೆ. ಕೇಂದ್ರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸುತ್ತಿದ ಡೈಪರನ್ನು ಒಣಕಸದ ಬುಟ್ಟಿಗೆ ಹಾಕಬಹುದೆಂದಿದ್ದವು. ಒಣಕಸವನ್ನು ಕೈಯಿಂದಲೇ ಆರಿಸುವ ದೇಶದಲ್ಲಿ ಅದು ವಿವೇಕದ ಮಾತಾಗಿರಲಿಲ್ಲ, ಬೆಂಗಳೂರಿನ ಮೂರು ಪಾಲಿನ ಪದ್ಧತಿಯೇ ಮೇಲು. ಪುಣೆಯಲ್ಲಿ ಕಸ ಆಯುವ ಕಾರ್ಮಿಕರ ಸಹಕಾರ ಸಂಸ್ಥೆಯಾದ ಸ್ವಚ್ಛ್ ಪ್ರಚಾರ ಮಾಡಿದ ಕೆಂಪು ಚುಕ್ಕೆ ಸಹ ಈ ಆರಿಸುವವರ ಕಡೆಯಿಂದಲೇ ಬಂದದ್ದು: ಚುಕ್ಕೆ ಕಂಡ ಪೊಟ್ಟಣವನ್ನು ಪೌರಕಾರ್ಮಿಕರು ಬಿಚ್ಚಿ ನೋಡಬೇಕಾಗಿಲ್ಲ.

ಗ್ರಾಮ ಪಂಚಾಯಿತಿಗಳಲ್ಲಿ ಪರಿಸ್ಥಿತಿ ಇಷ್ಟು ಅಚ್ಚುಕಟ್ಟಾಗಿಲ್ಲ. ಮಹಿಳೆಯರೇ ಓಡಿಸುವ ಸ್ವಚ್ಛ ವಾಹಿನಿಗಳು ಅನೇಕ ಕಡೆ ಓಡಾಡುತ್ತಿದ್ದರೂ ಅವು ಹೆಚ್ಚಾಗಿ ಒಣಕಸಕ್ಕೆಂದು ಬರುವಂಥವು. ಡೈಪರನ್ನು ಬೇರೆಯಾಗಿ ಕಟ್ಟಿ, ಚುಕ್ಕೆ ಹಾಕಿ, ವಾಹನದವರಿಗೆ ಹೇಳಿ ಕೊಡುವುದು ಅಲ್ಲಿ ಉಳಿದಿರುವ ಮಾರ್ಗ. ವಾಹನವೇ ಬಾರದ ಊರಿನಲ್ಲಿ ಬಾವಿ, ಬೋರ್‌ವೆಲ್, ಹಳ್ಳಗಳಿಂದ ದೂರದಲ್ಲಿ, ನಾಯಿ ಕೆದರಲಾರದಷ್ಟು ಆಳಕ್ಕೆ ಹೂಳುವುದನ್ನು ಅನಿವಾರ್ಯವೆಂದು ಒಪ್ಪಬಹುದೇ ಹೊರತು ಒಳ್ಳೆಯದೆನ್ನಲಾಗದು. ಅಂಥ ಕಡೆ ಡೈಪರ್‌ಗಳ ಸಂಖ್ಯೆಯನ್ನೇ ಇಳಿಸುವುದು ಎಲ್ಲಕ್ಕಿಂತ ಅಗ್ಗ.

ಸಂಖ್ಯೆ ಇಳಿಸುವ ವಿದ್ಯೆ ಈ ನಾಡಿಗೆ ಹೊಸದೇನಲ್ಲ. ಹಳೆಯ ಸೀರೆ, ಪಂಚೆಗಳ ಮೆತ್ತನೆಯ ತುಂಡುಗಳೇ ತಲೆಮಾರುಗಳ ಕಾಲ ಕೂಸುಗಳಿಗೆ ಲಂಗೋಟಿಯಾಗಿದ್ದವು; ಅಜ್ಜಿಯರು ಹೊತ್ತು ನೋಡಿ ಮಗುವನ್ನು ಪಾದಗಳ ಮೇಲೆ ಕೂರಿಸಿ 'ಶ್ಶ್' ಎನ್ನುತ್ತ ಅಭ್ಯಾಸ ಮಾಡಿಸುತ್ತಿದ್ದುದರಿಂದ ನಡೆಯುವ ವಯಸ್ಸಿಗೆಲ್ಲ ಲಂಗೋಟಿಯ ಅಗತ್ಯವೂ ಕಡಿಮೆಯಾಗುತ್ತಿತ್ತು. ಒಗೆಯುವ ಭಾರವೆಲ್ಲ ಹೆಂಗಸರ ಮೇಲೆಯೇ ಬೀಳುತ್ತಿತ್ತೆಂಬುದನ್ನು ಮರೆತು ಆ ಕಾಲವನ್ನು ಹೊಗಳುವುದು ಸರಿಯಲ್ಲ. ಕೆಲಸಕ್ಕೆ ಹೋಗುವ ತಾಯಿಗೆ ರಾತ್ರಿಗೊಂದು, ಪ್ರಯಾಣಕ್ಕೊಂದು ಡೈಪರ್, ಮನೆಯಲ್ಲಿರುವ ಹಗಲಿಗೆ ಬಟ್ಟೆ ಎಂಬ ಹಂಚಿಕೆ ನ್ಯಾಯವಾದದ್ದು. ಬಟ್ಟೆಯೇ ಯಾವಾಗಲೂ ಪರಿಸರಕ್ಕೆ ಹಿತವೆಂಬುದೂ ಪೂರ್ತಿ ನಿಜವಲ್ಲ. ಬ್ರಿಟನ್ನಿನ ಪರಿಸರ ಇಲಾಖೆಗಾಗಿ 2008ರಲ್ಲಿ ಪ್ರಕಟವಾದ ಅಧ್ಯಯನವು, ಎರಡೂವರೆ ವರ್ಷಗಳ ಬಳಕೆಯಲ್ಲಿ ಬಿಸಾಡುವ ಡೈಪರ್‌ನಿಂದ ಸುಮಾರು 550 ಕಿಲೋಗ್ರಾಂ, ಅಲ್ಲಿನ ಸರಾಸರಿ ರೀತಿಯಲ್ಲಿ ಒಗೆದು ಒಣಗಿಸುವ ಬಟ್ಟೆಯಿಂದ ಸುಮಾರು 570 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಮಾಲಿನ್ಯ ಆಗುತ್ತದೆಂದು ಲೆಕ್ಕ ಹಾಕಿತ್ತು. ಆದರೆ ಹಗ್ಗದ ಮೇಲೆ ಹರವಿ, ಯಂತ್ರದ ತುಂಬ ಹಾಕಿ ಒಗೆದು, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ ಬಟ್ಟೆಯ ಪಾಲು ಶೇಕಡ 40ರಷ್ಟು ಇಳಿಯುತ್ತದೆಂದೂ ಅದೇ ಅಧ್ಯಯನ ಹೇಳಿದೆ. ಬಿಸಿಲಿಗೆ ಬರವಿಲ್ಲದ ಬಯಲುಸೀಮೆಯ ಮನೆಗೆ ಇದು ಸಲೀಸು. ಮಲೆನಾಡಿನ ಮಳೆಗಾಲದ ಮಾತು ಬೇರೆ.

ಬಳಸಿದ ಡೈಪರನ್ನು ಮತ್ತೆ ಸಾಮಗ್ರಿಯಾಗಿಸುವ ಪ್ರಯತ್ನಗಳು ಜಪಾನಿನಲ್ಲಿ ನಡೆದಿವೆ. ಕಾಗೊಶಿಮಾ ಪ್ರಾಂತದ ಶಿಬುಶಿಯಲ್ಲಿ ಯೂನಿಚಾರ್ಮ್ ಕಂಪನಿ ಪುರಸಭೆಯೊಡನೆ ಸೇರಿ, ತಿರುಳಿನ ನಾರನ್ನು ಓಜೋನ್ ಅನಿಲದಿಂದ ಶುದ್ಧೀಕರಿಸಿ ಹೊಸ ಡೈಪರ್‌ಗೆ ಬಳಸುತ್ತಿದೆ. ಅಂಥ ಕಾರ್ಖಾನೆಗೂ ಬೇಕಾದದ್ದು ಮನೆಯಲ್ಲೇ ಬೇರೆಯಾಗಿ ಕಟ್ಟಿದ ಡೈಪರ್. ಭಾರತದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ 17ನೆಯ ನಿಯಮವು, ಡೈಪರ್ ತಯಾರಕರು ಪೂರ್ತಿ ಮರುಬಳಕೆಗೆ ಒದಗುವ ಸಾಮಗ್ರಿಯ ಸಾಧ್ಯತೆಯನ್ನು ಹುಡುಕಬೇಕು, ಇಲ್ಲವೆ ಪ್ಯಾಕೆಟ್ಟಿನ ಜೊತೆಗೆ ಪ್ರತಿ ಡೈಪರ್‌ಗೂ ಒಂದು ಸುತ್ತುವ ಹೊದಿಕೆ ಕೊಡಬೇಕು ಎಂದಿತ್ತು. ಹೊದಿಕೆಯಿಲ್ಲದ ಪ್ಯಾಕೆಟ್ಟುಗಳು ಇಂದಿಗೂ ಅಂಗಡಿಯಲ್ಲಿ ಮಾರಾಟವಾಗುತ್ತಿವೆ, ಮತ್ತು ಮಲವನ್ನು ಶೌಚಾಲಯಕ್ಕೆ ಹಾಕಿರೆಂಬ ಸೂಚನೆ ಇದ್ದರೂ ಅದು ಕೊಳ್ಳುವವರು ಓದದ ಭಾಷೆಯಲ್ಲಿ, ಓದಲಾಗದ ಸಣ್ಣಕ್ಷರದಲ್ಲಿ ಹಿಂಬದಿಯ ಮೂಲೆ ಸೇರಿರುತ್ತದೆ. ಮುಂದಿನ ಪ್ಯಾಕೆಟ್ ಕೊಳ್ಳುವಾಗ ಓದುಗರು ಆ ಮೂಲೆಯನ್ನು ಒಮ್ಮೆ ನೋಡಿ, ಹೊದಿಕೆ ಎಲ್ಲಿ, ಕನ್ನಡ ಎಲ್ಲಿ ಎಂದು ಅಲ್ಲೇ ಅಚ್ಚಾಗಿರುವ ಗ್ರಾಹಕ ಸಂಖ್ಯೆಗೆ ಕರೆ ಮಾಡಿ ಕೇಳಬೇಕು.